ಹತ್ತು ನಿಮಿಷ ಮುಂದಿನ ಗಡಿಯಾರ

ಹದಡಿ
12 ಜನವರಿ 2025

ಶಾಂತಕುಮಾರಿ ಮೇಡಮ್ಮನವರಿಗೆ ಸಣ್ಣತಿಮ್ಮಪ್ಪನ ನಮಸ್ಕಾರಗಳು.

ನಾನು ದುರ್ಗಾಳ ಅಪ್ಪ. ನೀವು ದಾವಣಗೆರೆ ಹೈಸ್ಕೂಲಿನಲ್ಲಿದ್ದಾಗ ಹತ್ತನೇ ಕ್ಲಾಸಿನಲ್ಲಿ ನಿಮ್ಮ ಹತ್ತಿರ ವಿಜ್ಞಾನ ಕಲಿಯುತ್ತಿದ್ದವಳು. ಹೋದ ವರ್ಷವಲ್ಲ, ಅದರ ಹಿಂದಿನ ವರ್ಷದ ನವೆಂಬರ್ ಇಪ್ಪತ್ತೆಂಟಕ್ಕೆ ಬಸ್ಸು ತಪ್ಪಿ, ಪಕ್ಕದ ಮನೆ ಪರಶುರಾಮನ ಬೈಕು ಹತ್ತಿ, ನಾಲೆಯ ತಿರುವಿನಲ್ಲಿ ಭತ್ತದ ಲಾರಿಗೆ ಸಿಕ್ಕವಳು. ನೀವು ಮಣ್ಣಿಗೆ ಬಂದಿದ್ದಿರಿ. ಬಾಗಿಲ ಹೊರಗೇ ನಿಂತು ಹೋದಿರಿ, ನಾನು ನೋಡಿದ್ದೇನೆ.

ನೀವು ಹರಿಹರಕ್ಕೆ ವರ್ಗ ಮಾಡಿಸಿಕೊಂಡಿರಿ ಅಂತ ಸ್ಕೂಲಿನಲ್ಲಿ ಹೇಳಿ ಫೋನ್ ನಂಬರೂ ಮನೆ ವಿಳಾಸವೂ ಕೊಟ್ಟರು. ಎರಡು ಸಲ ನಂಬರ್ ಒತ್ತಿ, ರಿಂಗಾಗುವ ಮೊದಲೇ ಕಟ್ ಮಾಡಿದೆ. ನಾನು ಮಂಡಿಪೇಟೆಯಲ್ಲಿ ಮೂಟೆ ಹೊರುವ ಹಮಾಲಿ. ಅಲ್ಲಿ ಸುತ್ತ ಜನ, ಮನೆಗೆ ಬಂದರೆ ಹೆಂಡತಿ ಪುಟ್ಟಕ್ಕ. ಈ ಮಾತು ಯಾರ ಎದುರೂ ಆಡುವಂಥದ್ದಲ್ಲ. ಅದಕ್ಕೇ ಕಾಗದ. ಏಳನೇ ಕ್ಲಾಸು ಓದಿದವನ ಅಕ್ಷರ, ಸುಧಾರಿಸಿಕೊಂಡು ಓದಿ.

ಸಂಕ್ರಾಂತಿಗೆ ಮನೆ ಸಾರಿಸಬೇಕು ಅಂತ ಅಟ್ಟದ ಮೇಲಿನ ಅವಳ ಬ್ಯಾಗು ಇಳಿಸಿದೆ. ವಿಜ್ಞಾನದ ನೋಟ್ಸಿನ ಕೊನೇ ಹಾಳೆಯಲ್ಲಿ ಹೀಗೆ ಬರೆದಿದ್ದಾಳೆ. ಅವಳು ಬರೆದ ಹಾಗೇ ಇಳಿಸುತ್ತೇನೆ.

"ನಮ್ಮನೆ ಗಡಿಯಾರ ಹತ್ತು ನಿಮಿಷ ಮುಂದೆ. ಸ್ಕೂಲಿನ ಗಡಿಯಾರ ಸರಿ ಟೈಮು. ನಮ್ಮನೆ ಗೋಡೆಯಿಂದ ಸ್ಕೂಲಿನ ಗೋಡೆಗೆ ಒಂದು ವರ್ಮ್‌ಹೋಲ್ ಇದ್ದರೆ, ನಾನು ಒಂಬತ್ತಕ್ಕೆ ಒಳಗೆ ಹೋಗಿ ಎಂಟೂ ಐವತ್ತಕ್ಕೆ ಹೊರಗೆ ಬರುತ್ತೇನೆ. ಆಗ ನಾನು ಯಾವತ್ತೂ ಲೇಟಾಗಲ್ಲ. ಕಾಲದಲ್ಲಿ ಹಿಂದಕ್ಕೆ ಹೋಗಬಹುದಾ ಮೇಡಂ?"

ಅದರ ಕೆಳಗೆ ಕೆಂಪು ಇಂಕಿನಲ್ಲಿ ನೀವು ಬರೆದಿದ್ದೀರಿ: "ಸಾಧ್ಯ. ಚೆನ್ನಾಗಿ ಯೋಚಿಸಿದ್ದೀಯ." ಅದರ ಕೆಳಗೆ ನಿಮ್ಮ ಸಹಿ.

ಮೇಡಂ, ನಾನು ತಮಾಷೆಗೆ ಕೇಳುತ್ತಿಲ್ಲ. ಸಾಧ್ಯ ಅಂತ ನೀವೇ ಬರೆದಿದ್ದೀರಿ. ಎಲ್ಲಿ ಸಾಧ್ಯ? ಯಾರು ಮಾಡುತ್ತಾರೆ? ನನಗೆ ಬಹಳ ಹಿಂದಕ್ಕೆ ಬೇಡ. ನವೆಂಬರ್ ಇಪ್ಪತ್ತೇಳರ ಸಂಜೆ, ಒಂದು ಹತ್ತು ನಿಮಿಷ ಸಾಕು.

ಉತ್ತರ ಮನೆಗೆ ಹಾಕಬೇಡಿ. ಕೊಟ್ಟೂರಪ್ಪನವರ ದಲ್ಲಾಳಿ ಅಂಗಡಿ, ಮಂಡಿಪೇಟೆ, ದಾವಣಗೆರೆ ಅಂತ ಬರೆದರೆ ನನಗೆ ಸಿಗುತ್ತದೆ.

ಇಂತಿ,
ಸಣ್ಣತಿಮ್ಮಪ್ಪ


ಹರಿಹರ
23 ಜನವರಿ 2025

ಸಣ್ಣತಿಮ್ಮಪ್ಪನವರಿಗೆ ನಮಸ್ಕಾರ.

ನಿಮ್ಮ ಕಾಗದ ಬಂದು ಆರು ದಿನವಾಯಿತು. ದುರ್ಗಾಳನ್ನು ಮರೆತಿರಾ ಎಂದು ನೀವು ಕೇಳಲಿಲ್ಲ, ಅಷ್ಟಕ್ಕೆ ಋಣಿ. ಮೂವತ್ತೊಂದು ವರ್ಷ ಪಾಠ ಮಾಡಿದವಳು ನಾನು, ಒಂದು ಪದ ಎಷ್ಟು ದೂರ ಹೋಗುತ್ತದೆ ಎಂಬ ಬುದ್ಧಿ ನನಗಿರಬೇಕಿತ್ತು. ಹುಡುಗಿ ಪಠ್ಯದಲ್ಲಿಲ್ಲದ್ದನ್ನು ಯೋಚಿಸಿದ್ದಾಳೆ ಎಂಬ ಖುಷಿಯಲ್ಲಿ "ಸಾಧ್ಯ" ಎಂದು ಗೀಚಿಬಿಟ್ಟೆ. "ಕಾಗದದ ಮೇಲೆ ಸಾಧ್ಯ" ಎಂದು ಬರೆಯಬೇಕಿತ್ತು.

ಕ್ಲಾಸಿನಲ್ಲಿ ಹೇಳಿದ್ದನ್ನೇ ನಿಮಗೂ ಹೇಳುತ್ತೇನೆ. ಪೇರಲ ಹಣ್ಣಿನ ಮೇಲೆ ಒಂದು ಹುಳ ಇದೆ ಎನ್ನಿ. ಆ ಕಡೆಗೆ ಹೋಗಲು ಸಿಪ್ಪೆಯ ಮೇಲೆ ಸುತ್ತುಹಾಕಬೇಕು. ಅದರ ಬದಲು ಹಣ್ಣನ್ನೇ ಕೊರೆದು ನಡುವೆ ಹಾದುಹೋದರೆ ದಾರಿ ಕಡಿಮೆ. ಆಕಾಶದಲ್ಲೂ ಅಂಥ ಒಳದಾರಿ ಇರಬಹುದು ಎಂದು ಲೆಕ್ಕ ಹೇಳುತ್ತದೆ, ದುರ್ಗಾ ಬರೆದ ವರ್ಮ್‌ಹೋಲ್ ಎಂದರೆ ಅದೇ. ಅದಕ್ಕೆ ಎರಡು ಬಾಯಿ. ಒಂದು ಬಾಯಿಯನ್ನು ಇದ್ದಲ್ಲೇ ಇಟ್ಟು, ಇನ್ನೊಂದನ್ನು ಬೆಳಕಿನ ಹತ್ತಿರಹತ್ತಿರದ ವೇಗದಲ್ಲಿ ದೂರ ಒಯ್ದು ವಾಪಸು ತಂದರೆ, ಹೋಗಿಬಂದ ಬಾಯಿಗೆ ಕಡಿಮೆ ಕಾಲ ಕಳೆದಿರುತ್ತದೆ. ವೇಗವಾಗಿ ಓಡುವ ಗಡಿಯಾರ ನಿಧಾನವಾಗುತ್ತದೆ, ಇದು ಅಳೆದು ನೋಡಿದ ಸತ್ಯ. ಹಾಗಾದಾಗ ಹೋಗಿಬಂದ ಬಾಯಲ್ಲಿ ಹೊಕ್ಕವನು ಇದ್ದಲ್ಲೇ ಇದ್ದ ಬಾಯಿಂದ ಹಿಂದಿನ ದಿನಕ್ಕೆ ಹೊರಬೀಳಬಹುದು.

ಆದರೆ ಅಂಥ ದಾರಿಯನ್ನು ಯಾರೂ ಕಂಡಿಲ್ಲ, ಯಾರೂ ಮಾಡಿಲ್ಲ. ಮಾಡಿದರೂ ಒಂದು ಇರುವೆ ಹಾಯುವಷ್ಟರಲ್ಲಿ ಕುಸಿದುಬೀಳುತ್ತದೆ. ತೆರೆದಿಡಲು ಬೇಕಾದ ವಸ್ತು ಅಷ್ಟು ಪ್ರಮಾಣದಲ್ಲಿ ಎಲ್ಲೂ ಸಿಕ್ಕಿಲ್ಲ.

ದುರ್ಗಾ ಒಂದು ಕಡೆ ತಪ್ಪಿದ್ದಳು, ಅದನ್ನು ನಾನು ಆಗ ತಿದ್ದಲಿಲ್ಲ. ನಿಮ್ಮ ಮನೆಯ ಗಡಿಯಾರ ಮುಂದಿದ್ದದ್ದು ಬರೀ ಮುಳ್ಳು. ಗಡಿಯಾರದ ಮುಳ್ಳು ತಿರುಗಿಸಿದರೆ ಕಾಲ ತಿರುಗುವುದಿಲ್ಲ.

ನಿಮ್ಮನ್ನು ಬರಿಗೈಯಲ್ಲಿ ಕಳಿಸುತ್ತಿದ್ದೇನೆ. ಕ್ಷಮಿಸಿ.

ಶಾಂತಕುಮಾರಿ


ಮಂಡಿಪೇಟೆ, ದಾವಣಗೆರೆ
4 ಫೆಬ್ರವರಿ 2025

ಮೇಡಮ್ಮನವರಿಗೆ ನಮಸ್ಕಾರ.

ನಿಮ್ಮ ಕಾಗದವನ್ನು ಅಂಗಡಿ ಹಿಂದಿನ ಗೋದಾಮಿನಲ್ಲಿ ಮೆಕ್ಕೆಜೋಳದ ಚೀಲದ ಮೇಲೆ ಕೂತು ಓದಿದೆ. ಹುಳದ ಮಾತು ತಿಳಿಯಿತು. ಬೆಳಕಿನ ವೇಗ ಅಷ್ಟು ತಿಳಿಯಲಿಲ್ಲ. ಮುಳ್ಳಿನ ಮಾತನ್ನು ಮೂರು ಸಲ ಓದಿದೆ. ಮುಳ್ಳಿನ ವಿಷಯ ನಿಮಗೆ ಯಾರು ಹೇಳಿದರು? ಪರಶುರಾಮನಾ? ಅವನಿಗೂ ಗೊತ್ತಿಲ್ಲವಲ್ಲ.

ಇರಲಿ. ನನಗೊಂದು ಯೋಚನೆ ಬಂದಿದೆ. ಈಗ ಯಾರೂ ಮಾಡಿಲ್ಲ ಅಂತೀರಿ. ಮುಂದೆ ಯಾರೋ ಒಬ್ಬ ಮಾಡುತ್ತಾನೆ ಅನ್ನೋಣ, ನೂರು ವರ್ಷಕ್ಕೋ ಇನ್ನೂರು ವರ್ಷಕ್ಕೋ. ಕಾಲದಲ್ಲಿ ಹಿಂದೆ ಬರುವವನಿಗೆ ಇನ್ನೂರು ವರ್ಷ ಏನು ದೊಡ್ಡದು? ಅವನು ಹದಡಿಗೆ ಬಂದು, ಆ ಸಂಜೆ ಸ್ಟೂಲಿನ ಮೇಲೆ ನಿಂತಿರುವ ನನ್ನ ಕೈ ಹಿಡಿಯಬಹುದಲ್ಲ? ಒಂದು ಚೀಟಿ ಬರೆದು ಮಣ್ಣಲ್ಲಿ ಹೂತಿಟ್ಟರೆ ಅಂಥವನಿಗೆ ಸಿಗುವುದಿಲ್ಲವೇ? ನಗಬೇಡಿ. ದಿನಾ ನೂರಾರು ಮೂಟೆ ಹೊರುವಾಗ ತಲೆ ಖಾಲಿ ಇರುತ್ತದೆ, ಇಂಥದ್ದೇ ಬರುತ್ತದೆ.

ಪುಟ್ಟಕ್ಕನ ವಿಷಯ ಹೇಳಬೇಕು. ಅವತ್ತು ಬೆಳಿಗ್ಗೆ ಅವಳು ದುರ್ಗಾಳಿಗೆ ಜಡೆ ಹಾಕಿ, ರಿಬ್ಬನ್ ಸೊಟ್ಟಗಾಯಿತು ಅಂತ ಬಿಚ್ಚಿ ಇನ್ನೊಂದು ಸಲ ಹಾಕಿದಳಂತೆ. ಅದಕ್ಕೇ ಬಸ್ಸು ತಪ್ಪಿತು ಅಂತ ಅವಳ ನಂಬಿಕೆ. ಈಗ ತನ್ನ ತಲೆಯನ್ನೇ ಬಾಚಿಕೊಳ್ಳುವುದಿಲ್ಲ. ಗಡಿಯಾರದ ಎದುರು ಕೂತು ಗೊಣಗುತ್ತಾಳೆ. "ಹತ್ತು ನಿಮಿಷ ಮುಂದೈತೆ. ಟೈಮಿತ್ತು. ಹಂಗಿದ್ರೂ ಹೆಂಗೆ ತಪ್ಪಿಸಿದೆ ನಾನು? ಎಷ್ಟೊತ್ತು ಜಡೆ ಹಾಕಿದೆ ನಾನು?" ಇದನ್ನೇ ದಿನಾ. ಹಬ್ಬದಲ್ಲಿ ನನ್ನ ತಂಗಿ ಬಂದು, "ಅತ್ತಿಗೆ, ಬಿಡ್ರಿ ಅದನ್ನ, ಯಾಕ ಹಂಗೆ ಮಾಡ್ತೀರಿ" ಅಂದರೆ ಪುಟ್ಟಕ್ಕ ಎದ್ದು ಹಿತ್ತಲಿಗೆ ಹೋದಳು.

ಒಂದೇ ಒಂದು ಮಾತು ಹೇಳಿ. ಮುಂದಿನವರು ಮಾಡಿದರೆ ಆ ಸಂಜೆಗೆ ಬರಲು ಆಗುತ್ತದೋ ಇಲ್ಲವೋ?

ಸಣ್ಣತಿಮ್ಮಪ್ಪ


ಹರಿಹರ
19 ಫೆಬ್ರವರಿ 2025

ಸಣ್ಣತಿಮ್ಮಪ್ಪನವರಿಗೆ,

ನಾನು ನಗಲಿಲ್ಲ. ನಿಮ್ಮ ಪ್ರಶ್ನೆ ದೊಡ್ಡ ದೊಡ್ಡ ವಿಜ್ಞಾನಿಗಳೇ ಕೇಳಿಕೊಂಡ ಪ್ರಶ್ನೆ. ಉತ್ತರವೂ ಇದೆ, ನಿಮಗೆ ಬೇಕಾದ ಉತ್ತರವಲ್ಲ.

ಆಗುವುದಿಲ್ಲ. ಆ ದಾರಿಯ ಬಾಯಿಗಳೇ ಬಾಗಿಲು ಎನ್ನಿ. ಬಾಗಿಲು ಇಟ್ಟ ದಿನಕ್ಕಿಂತ ಹಿಂದಕ್ಕೆ ಆ ಬಾಗಿಲಿಂದ ಹೋಗಲು ಬರುವುದಿಲ್ಲ, ಏಕೆಂದರೆ ಅದಕ್ಕಿಂತ ಹಿಂದೆ ಹೊರಬರುವುದಕ್ಕೆ ಬಾಗಿಲೇ ಇರಲಿಲ್ಲ. ಇನ್ನೂರು ವರ್ಷದ ಮೇಲೆ ಯಾರೋ ಮಾಡಿದರೆ ಅವರು ತಮ್ಮ ಬಾಗಿಲು ಇಟ್ಟ ದಿನದವರೆಗೆ ಬಂದು ನಿಲ್ಲುತ್ತಾರೆ. ಹದಡಿಯ ಆ ಸಂಜೆಗೆ ಯಾರೂ ಬರಲಾರರು. ಚೀಟಿ ಹೂಳಬೇಡಿ.

ಮುಳ್ಳಿನ ವಿಷಯ ನನಗೆ ಯಾರೂ ಹೇಳಿಲ್ಲ. ಪಾಠದ ಮಾತಾಗಿ ಬರೆದೆ, ಅಷ್ಟೇ. ಆದರೆ ಟೀಚರಿನ ಕಣ್ಣು ಸುಮ್ಮನಿರುವುದಿಲ್ಲ. ಮಗಳಿಗೆ ಬಸ್ಸು ತಪ್ಪದಿರಲು ನೀವು ಇಪ್ಪತ್ತೆಂಟರ ಬೆಳಿಗ್ಗೆಯನ್ನು ಕೇಳಬೇಕು. ನೀವು ಕೇಳುತ್ತಿರುವುದು ಇಪ್ಪತ್ತೇಳರ ಸಂಜೆ. ಈಗ ಸ್ಟೂಲು ಅನ್ನುತ್ತೀರಿ, ಕೈ ಹಿಡಿಯಲಿ ಅನ್ನುತ್ತೀರಿ. ಆ ಸಂಜೆ ಏನಾಯಿತು? ಹೇಳಲೇಬೇಕೆಂದಿಲ್ಲ. ಹೇಳಿದರೆ ನನ್ನಲ್ಲೇ ಇರುತ್ತದೆ.

ಶಾಂತಕುಮಾರಿ


ಮಂಡಿಪೇಟೆ
16 ಮಾರ್ಚ್ 2025

ಮೇಡಂ,

ನಾಲ್ಕು ಸಲ ಬರೆದು ಹರಿದೆ. ಇದನ್ನು ತಿರುಗಿ ಓದದೆ ಹಾಕುತ್ತೇನೆ.

ದುರ್ಗಾ ಹೈಸ್ಕೂಲಿಗೆ ಸೇರಿದಾಗ ಪುಟ್ಟಕ್ಕನೇ ಗೋಡೆ ಗಡಿಯಾರವನ್ನು ಹತ್ತು ನಿಮಿಷ ಮುಂದೆ ಇಟ್ಟಳು, ಹುಡುಗಿ ಬಡಬಡ ಹೊರಡಲಿ ಅಂತ. ಎಲ್ಲರ ಮನೆಯಲ್ಲೂ ಮಾಡುವುದೇ. ಬರಬರುತ್ತ ಎಲ್ಲರಿಗೂ ಗೊತ್ತಾಗಿ ಎಲ್ಲರೂ ಹತ್ತು ಕಳೆದೇ ನೋಡುತ್ತಿದ್ದೆವು. ಬಸ್ಸು ಎಂಟೂ ನಲವತ್ತೈದಕ್ಕೆ. ಗಡಿಯಾರ ಎಂಟೂ ಐವತ್ತು ತೋರಿಸಿದಾಗ ದುರ್ಗಾ ಚಪ್ಪಲಿ ಹಾಕಿಕೊಳ್ಳುತ್ತಿದ್ದಳು. ಆಗ ನಿಜವಾದ ಟೈಮು ಎಂಟೂ ನಲವತ್ತು.

ಇಪ್ಪತ್ತೇಳರ ಸಂಜೆ ಗಡಿಯಾರ ನಿಂತಿತ್ತು. ಪುಟ್ಟಕ್ಕ ಹಾಲಿನ ಡೈರಿಗೆ ಹೋಗಿದ್ದಳು, ದುರ್ಗಾ ಗೆಳತಿ ಅಂಬಿಕಾಳ ಮನೆಯಲ್ಲಿ ಮಾರನೇ ದಿನದ ವಿಜ್ಞಾನ ಪ್ರದರ್ಶನದ ಚಾರ್ಟು ಬರೆಯುತ್ತಿದ್ದಳು. ನಾನು ಸ್ಟೂಲು ಹಾಕಿಕೊಂಡು ಹತ್ತಿ, ಹೊಸ ಸೆಲ್ ಹಾಕಿ, ಮೊಬೈಲು ನೋಡಿ ಮುಳ್ಳು ಕೂರಿಸಿದೆ. ಸರಿ ಟೈಮಿಗೆ ಕೂರಿಸಿದೆ ಮೇಡಂ. ಹತ್ತು ನಿಮಿಷ ಮುಂದಿಡುವುದು ನೆನಪಾಗಲಿಲ್ಲ. ಯಾರಿಗೂ ಹೇಳಲೂ ಇಲ್ಲ. ಬೆಳಿಗ್ಗೆ ಆರಕ್ಕೇ ಮಂಡಿಗೆ ಬಂದೆ, ಮನೆಯಲ್ಲಿರುವ ಒಂದೇ ಮೊಬೈಲು ನನ್ನ ಜೇಬಿನಲ್ಲಿತ್ತು.

ತಾಯಿ ಮಗಳು ಇಬ್ಬರೂ ರೂಢಿಯಂತೆ ಹತ್ತು ಕಳೆದಿದ್ದಾರೆ. ಇನ್ನೂ ಟೈಮಿದೆ ಅಂತ ಜಡೆ ಬಿಚ್ಚಿ ಹಾಕಿದ್ದಾರೆ. ಅವಳು ಸ್ಟಾಪಿಗೆ ಹೋಗುವಷ್ಟರಲ್ಲಿ ಬಸ್ಸು ಊರು ದಾಟಿತ್ತು.

ಇದು ಮರೆವು. ಇದನ್ನು ಹೇಗೋ ಹೊರುತ್ತಿದ್ದೆ. ಇದರ ಮುಂದಿನದು ಮರೆವಲ್ಲ.

ಮೂರನೇ ದಿನ ಹಾಲು ತುಪ್ಪ ಬಿಟ್ಟು ಬಂದಾಗ ಪುಟ್ಟಕ್ಕ ಗಡಿಯಾರದ ಕಡೆ ನೋಡುತ್ತ, "ಟೈಮಿತ್ತಲ್ರೀ" ಅಂತ ಒಂದೇ ಸಮ ಅತ್ತಳು. ನಾಳೆ ಮೊಬೈಲಿಗೂ ಗಡಿಯಾರಕ್ಕೂ ಹೋಲಿಸಿದರೆ ತಿಳಿದುಬಿಡುತ್ತದೆ ಅಂತ ಹೆದರಿದೆ. ಎಲ್ಲರೂ ಅಂಗಳದಲ್ಲಿ ಉಣ್ಣುವಾಗ ಒಳಗೆ ಹೋಗಿ, ಸ್ಟೂಲು ಹತ್ತಿ, ಮುಳ್ಳನ್ನು ಹತ್ತು ನಿಮಿಷ ಮುಂದಕ್ಕೆ ತಿರುಗಿಸಿದೆ. ಯಾರೂ ನೋಡಲಿಲ್ಲ.

ಅವಳು ಒಂದು ವರ್ಷದ ಮೇಲಾಯಿತು ಆ ಗಡಿಯಾರ ನೋಡಿ ತನ್ನನ್ನು ತಾನೇ ಶಪಿಸಿಕೊಳ್ಳುತ್ತಿದ್ದಾಳೆ. ನಾನು ಎದುರಿಗೆ ಕೂತು ಉಣ್ಣುತ್ತೇನೆ. ಥೂ, ನನ್ನ ಜನ್ಮಕ್ಕೆ.

ಅದಕ್ಕೇ ಕೇಳಿದ್ದು.

ಸಣ್ಣತಿಮ್ಮಪ್ಪ


ಹರಿಹರ
7 ಏಪ್ರಿಲ್ 2025

ಸಣ್ಣತಿಮ್ಮಪ್ಪನವರಿಗೆ,

ನೀವು ನಂಬಿ ಬರೆದಿರಿ. ನಾನೂ ಬರೆಯದಿದ್ದರೆ ನಿಮಗೆ ಬುದ್ಧಿ ಹೇಳುವ ಯೋಗ್ಯತೆ ನನಗಿಲ್ಲ.

ಅವತ್ತು ಪ್ರದರ್ಶನ ಇದ್ದದ್ದು ಇಲ್ಲಿ, ಹರಿಹರದಲ್ಲಿ. ಸ್ಕೂಲಿನಿಂದ ಒಂಬತ್ತೂವರೆಗೆ ವ್ಯಾನು. ಒಂದು ನಿಮಿಷ ತಡವಾದರೂ ಬಿಟ್ಟುಹೋಗುತ್ತೇನೆ ಎಂದು ಹಿಂದಿನ ದಿನ ಮೂರು ಸಲ ಹೇಳಿದ್ದೆ. ಹೊತ್ತು ಪಾಲಿಸುವುದರಲ್ಲಿ ನನ್ನನ್ನು ಕಂಡರೆ ಮಕ್ಕಳು ನಡುಗುತ್ತಿದ್ದರು, ಅದೇ ನನಗೊಂದು ಹೆಮ್ಮೆ.

ಎಂಟೂ ಐವತ್ತೆರಡಕ್ಕೆ ನನ್ನ ಮೊಬೈಲಿಗೆ ಗೊತ್ತಿಲ್ಲದ ನಂಬರಿನಿಂದ ಕರೆ ಬಂತು. ಯಾರೋ ತಡವಾದ ಹುಡುಗರು ನೆಪ ಹೇಳಲು ಮಾಡುತ್ತಿದ್ದಾರೆ ಎಂದು ಕಟ್ ಮಾಡಿದೆ. ಮತ್ತೆ ಬಂತು. ಮತ್ತೆ ಕಟ್ ಮಾಡಿದೆ. ಅದು ಪರಶುರಾಮನ ನಂಬರು ಎಂದು ಆಸ್ಪತ್ರೆಯಲ್ಲಿ ಗೊತ್ತಾಯಿತು. ಅವನೇ ಹೇಳಿದ: "ಮೇಡಂ ಹತ್ತು ಹದಿನೈದು ನಿಮಿಷ ಕಾಯ್ತಾರೇನೋ ಕೇಳ್ತೀನಿ, ಕಾಯ್ತಾರೆ ಅಂದ್ರೆ ಮುಂದಿನ ಬಸ್ಸಿಗೆ ಹೋಗ್ತೀನಿ ಅಂತ ನನ್ನ ಫೋನ್ ಇಸ್ಕಂಡ್ಲು. ನೀವು ಎತ್ತಲಿಲ್ಲ. ಬೈಕು ಹತ್ತಿದ್ಲು."

ಒಂಬತ್ತೂವರೆಗೆ ವ್ಯಾನು ಹೊರಡುವಾಗ ನಾನು ಉಳಿದ ಮಕ್ಕಳ ಎದುರು, "ಈ ದುರ್ಗಾಳದ್ದು ಯಾವತ್ತೂ ಇದೇ ಆಯ್ತು" ಎಂದೆ. ಅಷ್ಟು ಹೊತ್ತಿಗೆ ಅವಳು ಇರಲಿಲ್ಲ.

ಬಾಗಿಲ ಹೊರಗೆ ನಿಂತದ್ದು ಅದಕ್ಕೇ. ವರ್ಗ ಕೇಳಿದ್ದೂ ಅದಕ್ಕೇ. ನನ್ನ ಫೋನನ್ನು ಇವತ್ತಿಗೂ ನಾನು ಸೈಲೆಂಟಿನಲ್ಲಿ ಇಡುವುದಿಲ್ಲ, ಎಂಥ ನಂಬರು ಬಂದರೂ ಎತ್ತುತ್ತೇನೆ. ನೀವು ರಿಂಗಾಗುವ ಮೊದಲೇ ಕಟ್ ಮಾಡಿದ್ದು ಓದಿ ಬಹಳ ಹೊತ್ತು ಅತ್ತೆ.

ಈಗ ಒಂದು ಮಾತು. ಆ ಸಂಜೆಗೆ ನೀವೂ ನಾನೂ ಹೋಗಲಾರೆವು, ಅದರ ಆಸೆ ಬಿಡಿ. ಆದರೆ ಪುಟ್ಟಕ್ಕನವರು ಹೊತ್ತಿರುವುದು ನಿಮ್ಮ ಮೂಟೆ. ಅದನ್ನು ಇಳಿಸಲು ಯಾವ ಯಂತ್ರವೂ ಬೇಡ. ಹೇಳಿಬಿಡಿ.

ಶಾಂತಕುಮಾರಿ


ಮಂಡಿಪೇಟೆ
30 ಜೂನ್ 2025

ಮೇಡಂ,

ನಿಮ್ಮ ಮೇಲೆ ಎರಡು ತಿಂಗಳು ಸಿಟ್ಟಿತ್ತು. ಫೋನು ಎತ್ತಿದ್ದರೆ ಅಂತ ದಿನಾ ಅಂದುಕೊಂಡೆ. ಆಮೇಲೆ, ಸಿಟ್ಟು ಮಾಡುವುದು ನನಗೆ ಹಾಯಾಗಿದೆ ಅಂತ ಗೊತ್ತಾಯಿತು. ನನ್ನ ತಪ್ಪು ಅರ್ಧ ಇಳಿದ ಹಾಗೆ ಅನಿಸುತ್ತಿತ್ತು. ಆಗ ನಾಚಿಕೆಯಾಗಿ ಬಿಟ್ಟೆ.

ಹೋದ ಭಾನುವಾರವಲ್ಲ, ಅದರ ಹಿಂದಿನ ಭಾನುವಾರ ಹೇಳಿದೆ. ಬಾಯಲ್ಲಿ ಬರಲಿಲ್ಲ. ಪುಟ್ಟಕ್ಕ ಅಕ್ಕಿ ಆರಿಸುತ್ತಿದ್ದಳು. ಅವಳ ಎದುರೇ ಸ್ಟೂಲು ಹಾಕಿ ಗಡಿಯಾರ ಇಳಿಸಿ, ಮುಳ್ಳನ್ನು ಹತ್ತು ನಿಮಿಷ ಹಿಂದಕ್ಕೆ ತಿರುಗಿಸಿದೆ.

"ಯಾಕ್ರಿ? ಹಿಂದಕ್ಕೆ ಯಾಕ ತಿರುಗಸ್ತೀರಿ?" ಅಂದಳು.

"ಅವತ್ತು ಹಿಂಗೇ ಇತ್ತು" ಅಂದೆ. ಮಿಕ್ಕಿದ್ದೂ ಹೇಳಿದೆ. ಮೂರನೇ ದಿನದ್ದೂ.

ಅವಳು ಕೂಗಾಡುತ್ತಾಳೆ, ಹೊಡೆಯುತ್ತಾಳೆ ಅಂದುಕೊಂಡಿದ್ದೆ. ಮೊರದ ಅಕ್ಕಿ ಪೂರ್ತಿ ಆರಿಸಿದಳು. ಕಲ್ಲು ತೆಗೆದು ಹೊರಗೆ ಚೆಲ್ಲಿ ಬಂದಳು. ಆಮೇಲೆ ಹೇಳಿದಳು: "ಸೆಲ್ ಹಾಕಿದ್ದು ಮರೆವು. ಅದನ್ನ ನಾನು ಏನೂ ಅನ್ನಲ್ಲ. ಅವಳು ಹೋಗಿದ್ದು ನಮ್ಮ ಹಣೇಬರ. ಆದ್ರೆ ಒಂದೂವರೆ ವರ್ಷ ನಾನೇ ಕೊಂದೆ ಅಂತ ಅತ್ತೆನಲ್ರಿ, ನೀವು ನೋಡ್ಕೋತ ಕುಂತ್ರಲ್ಲ. ಆ ಒಂದೂವರೆ ವರ್ಷ ನನಗೆ ವಾಪಸ್ ಕೊಡ್ರಿ. ಮಗಳ ನೆನಪಿಗೆ ನೆಟ್ಟಗೆ ಒಂದಿನ ಅಳಲಿಲ್ಲ ನಾನು, ಬರೀ ನನ್ನ ತಪ್ಪಿಗೇ ಅತ್ತೆ. ಅದನ್ನ ಕೊಡ್ರಿ."

ಎಲ್ಲಿಂದ ಕೊಡಲಿ ಮೇಡಂ? ನೀವು ಹೇಳಿದ ಬಾಗಿಲು ಆ ಕಡೆಗೂ ಇಲ್ಲ.

ಸಂಜೆ ಬಸ್ಸಿಗೆ ಕುಕ್ಕುವಾಡಕ್ಕೆ ಹೋದಳು, ಅವಳ ತಮ್ಮ ಮಾಳಿಂಗಪ್ಪನ ಮನೆಗೆ. ಸ್ಟಾಪಿನವರೆಗೆ ಹಿಂದೆ ಹೋದೆ. "ಬರಬ್ಯಾಡ್ರಿ" ಅಂದಳು. ಅವತ್ತೂ ಮುಡಿ ಬಾಚಿರಲಿಲ್ಲ.

ಹೇಳಿ ಒಳ್ಳೆಯದಾಯಿತೋ ಕೆಟ್ಟದ್ದಾಯಿತೋ ಗೊತ್ತಿಲ್ಲ. ಮನೆಯಲ್ಲಿ ಗಡಿಯಾರದ ಶಬ್ದ ಜೋರಾಗಿ ಕೇಳುತ್ತದೆ.

ಸಣ್ಣತಿಮ್ಮಪ್ಪ


ಹರಿಹರ
22 ಜುಲೈ 2025

ಸಣ್ಣತಿಮ್ಮಪ್ಪನವರಿಗೆ,

ನಿಮ್ಮನ್ನು ಕೇಳದೆ ಭಾನುವಾರ ಕುಕ್ಕುವಾಡಕ್ಕೆ ಹೋಗಿದ್ದೆ. ಹೇಳಿಬಿಡಿ ಎಂದು ನಿಮಗೆ ಬರೆಯುವುದು ಸುಲಭ, ನನ್ನದನ್ನು ನಾನೂ ಹೇಳಬೇಕಿತ್ತು.

ಪುಟ್ಟಕ್ಕನವರು ಚಾಪೆ ಹಾಸಿ, "ಕೂಡ್ರಿ ಮೇಡಂ" ಎಂದರು. ಚಹಾ ಕೊಟ್ಟರು. ನಾನು ಫೋನಿನ ವಿಷಯ ಹೇಳಿದೆ. ತಲೆ ತಗ್ಗಿಸಿ ಕೇಳಿದರು. ಕೊನೆಗೆ, "ಅವಳ ದನಿ ಕೇಳಿದ್ರೇನ್ರಿ?" ಎಂದರು. ಎತ್ತಲೇ ಇಲ್ಲವಲ್ಲ ಎಂದೆ. "ಎತ್ತಿದ್ರೆ ಕಡೇ ಸಲ ನೀವಾದ್ರೂ ಕೇಳಿರ್ತಿದ್ರಿ. ಹೆಂಗೆ ಮಾತಾಡಿದ್ಲು ಅಂತ ನಾನು ನಿಮ್ಮನ್ನ ಕೇಳ್ತಿದ್ದೆ" ಎಂದರು. ನನಗೆ ಚಹಾ ಕುಡಿಯಲಾಗಲಿಲ್ಲ.

ನಿಮ್ಮ ಬಗ್ಗೆ ಅವರು ಏನೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಇದನ್ನು ಮುಚ್ಚಿಡುವುದು ಬೇಡ ಎಂದು ಬರೆದಿದ್ದೇನೆ. ಆದರೆ ತಲೆ ಬಾಚಿದ್ದರು.

ಶಾಂತಕುಮಾರಿ


ಹದಡಿ
19 ಅಕ್ಟೋಬರ್ 2025

ಮೇಡಮ್ಮನವರಿಗೆ ನಮಸ್ಕಾರ.

ಈ ಕಾಗದ ಮನೆಯಿಂದಲೇ ಬರೆಯುತ್ತಿದ್ದೇನೆ. ಇನ್ನು ಅಂಗಡಿ ವಿಳಾಸ ಬೇಡ, ಮುಚ್ಚಿಡುವುದು ಏನೂ ಉಳಿದಿಲ್ಲ.

ನಿಮ್ಮ ಕಾಗದ ಬಂದ ಮೇಲೆ ಪ್ರತಿ ಭಾನುವಾರ ಕುಕ್ಕುವಾಡಕ್ಕೆ ಹೋಗುತ್ತಿದ್ದೇನೆ. ಬೆಳಿಗ್ಗೆ ಹೋಗಿ ಜಗಲಿಯ ಮೇಲೆ ಕೂರುತ್ತೇನೆ. ಮಾಳಿಂಗಪ್ಪ ಮೊದಲೆರಡು ವಾರ, "ಬಾವ, ಒಳಗೆ ಬರ್ರಿ" ಅಂದ. ಅವಳು ಕರೆಯಲಿ ಅಂತ ನಾನು ಹೋಗಲಿಲ್ಲ. ಅವಳು ಕರೆಯಲಿಲ್ಲ. ಅವಳ ತಮ್ಮನ ಹೆಂಡತಿ ಊಟ ತಂದಿಡುತ್ತಾಳೆ, ಉಂಡು ತಟ್ಟೆ ತೊಳೆದಿಟ್ಟು ಸಂಜೆ ಬಸ್ಸಿಗೆ ಬರುತ್ತೇನೆ. ಓಣಿಯವರು ಮೊದಮೊದಲು ನೋಡಿ ನಕ್ಕರು. ಈಗ ಸುಮ್ಮನೆ ಹೋಗುತ್ತಾರೆ.

ಹನ್ನೆರಡು ಭಾನುವಾರ ಹೀಗೇ ಆಯಿತು. ಇವತ್ತು ಹದಿಮೂರನೆಯದು.

ಇವತ್ತು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ, ಹೊಲಕ್ಕೆ ಹೋಗಿದ್ದರು. ಅವಳು ಒಳಗೆ ಏನೋ ಮಾಡುತ್ತಿದ್ದಳು, ಪಾತ್ರೆ ಸದ್ದು ಕೇಳುತ್ತಿತ್ತು. ಆಮೇಲೆ ಸದ್ದು ನಿಂತಿತು. ಬಾಗಿಲ ಹಿಂದೆ ಬಂದು ನಿಂತಿದ್ದಾಳೆ ಅಂತ ಬಳೆಯಿಂದ ಗೊತ್ತಾಯಿತು. ನಾನು ತಿರುಗಲಿಲ್ಲ.

"ಟೈಮೆಷ್ಟಾತ್ರಿ?" ಅಂದಳು.

ಮೇಡಂ, ಆ ಮನೆಯ ನಡುಗೋಡೆಯ ಮೇಲೆ ಇಷ್ಟು ದೊಡ್ಡ ಗಡಿಯಾರ ಇದೆ. ಅದು ಟಿಕ್ ಟಿಕ್ ಅನ್ನುವುದು ಜಗಲಿಗೂ ಕೇಳುತ್ತದೆ. ಅವಳು ಅದರ ಎದುರೇ ನಿಂತಿದ್ದಳು.

ಮೊಬೈಲು ತೆಗೆದೆ. ಒಂದು ಸಲ ಕೆಳಗೆ ಬಿತ್ತು, ಒರೆಸಿಕೊಂಡು ನೋಡಿದೆ.

"ಹನ್ನೊಂದೂ ಇಪ್ಪತ್ತು" ಅಂದೆ.

ಅವಳು, "ಸರಿ ಟೈಮೇನ್ರಿ?" ಅಂತ ಕೇಳಿದಳು.

"ಹೂಂ, ಸರಿ ಟೈಮು" ಅಂದೆ.

ಒಳಗೆ ಹೋದಳು. ಮತ್ತೆ ಪಾತ್ರೆ ಸದ್ದು ಶುರುವಾಯಿತು.

ಇಂತಿ,
ಸಣ್ಣತಿಮ್ಮಪ್ಪ